ಸ್ವಿಚ್ ಎಲ್ಲಿರಬೇಕು

"ಮಾಸ್ತರ್ರೆ, ನನ್ನ ಒಂದು ಮಾತಿನ ಮ್ಯಾಲ ಇನ್ನೊಬ್ಬರು ಕಷ್ಟಕ್ಕ ಇಳೀಬೇಕಂದ್ರ, ಆ ಮಾತು ಆಡೋ ಹಕ್ಕು ನನಗ ಎಲ್ಲಿಂದ ಬರ್ತದ?"

ಕೇಳಿದವಳು ದುರುಗಮ್ಮ. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವವಳು. ಆ ಮಿಲ್ಲಿನ ಹೆಂಗಸರು ಅವಳನ್ನು ತಮ್ಮ ಮುಂದಾಳು ಎಂದು ಈಚೆಗೆ ಆರಿಸಿದ್ದರು. ಮಿಲ್ಲಿನ ಯಂತ್ರದ ಬೆಲ್ಟಿಗೆ ಜಾಲರಿ ಇರಲಿಲ್ಲ. ಒಬ್ಬಳ ಸೆರಗು ಅದಕ್ಕೆ ಸಿಕ್ಕಿ ತೋಳು ಮುರಿದಿತ್ತು. ಜಾಲರಿ ಹಾಕುವ ತನಕ ಒಳಗೆ ಹೋಗುವುದು ಬೇಡ, ನಾಳೆ ಬೆಳಗ್ಗೆ ಎಲ್ಲರೂ ಗೇಟಿನ ಹೊರಗೆ ನಿಲ್ಲೋಣ ಎಂಬ ಮಾತು ಎದ್ದಿತ್ತು. ಹೊರಗೆ ನಿಂತವರು ಮತ್ತೆ ಒಳಗೆ ಬರಬೇಕಾಗಿಲ್ಲ ಎಂದು ಮಾಲೀಕ ಹೇಳಿ ಕಳಿಸಿದ್ದ. ಹೆಂಗಸರು ದುರುಗಮ್ಮನ ಒಂದು ಹೂಂಗೆ ಕಾದಿದ್ದರು.

ಕಾರ್ಮಿಕರ ಸಂಘದ ಹಿರಿಯರು ಅವಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಹೂಂ ಎಂದು ನೀನು ಹೇಳು, ಆದರೆ ನಾಳೆ ಜ್ವರ ಎಂದು ಮನೆಯಲ್ಲಿ ಮಲಗಿಬಿಡು, ಮುಂದಾಳೇ ಕೆಲಸ ಕಳೆದುಕೊಂಡರೆ ಮುಂದೆ ಸಂಘ ನಡೆಸುವವರು ಯಾರು ಎಂದಿದ್ದರು. ದುರುಗಮ್ಮ ಅದನ್ನೂ ಮುಚ್ಚಿಡದೆ ಹೇಳಿದಳು.

ಅವಳ ಎದುರು ಕೂತಿದ್ದ ಹುಸೇನಪ್ಪ ಮಾಸ್ತರರು ಯಾವ ಶಾಲೆಯ ಮಾಸ್ತರರೂ ಅಲ್ಲ. ಹಮಾಲಿ ಮಾಡಿದವರು. ಗೋಣಿಚೀಲದ ಮೇಲಿನ ಅಚ್ಚು ನೋಡಿ ಅಕ್ಷರ ಕಲಿತು, ಆಮೇಲೆ ಊರಿನ ಹಮಾಲರಿಗೆಲ್ಲ ಕಲಿಸಿದವರು. ಓದಿ ಓದಿ ಅವರ ಮಾತೂ ಪುಸ್ತಕದ ಹಾಗೆ ಆಗಿತ್ತು. ಸಾಹುಕಾರರ ಮೇಲಿನ ಸಿಟ್ಟು ಮಾತ್ರ ಯಾವ ಪುಸ್ತಕದ್ದೂ ಅಲ್ಲ.

ಮಾಸ್ತರರು ಹಿರಿಯರ ಉಪಾಯವನ್ನು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಒಬ್ಬ ವ್ಯಾಪಾರಿ ತನ್ನ ಗಾಡಿಗೆ ಲಿಫ್ಟ್ ಆರಿಸಿದ ಕತೆ ಹೇಳುತ್ತೇನೆ," ಎಂದರು. "ಅವನನ್ನು ಹೊಗಳುವುದಕ್ಕೇ ಹೇಳುತ್ತೇನೆ."

ದುರುಗಮ್ಮನಿಗೆ ನಗು ಬಂತು. "ನಿಮ್ಮ ಬಾಯಾಗ ವ್ಯಾಪಾರಿ ಹೊಗಳಿಕಿ? ನಾಲಿಗಿ ತಡೀತದೇನ್ರಿ?"

"ದಿನಾ ಹೊಗಳುವವನ ಹೊಗಳಿಕೆಗೆ ಯಾರು ಕಿವಿ ಕೊಡುತ್ತಾರೆ? ಬೈದು ಬೈದು ಹರಿತವಾದ ನಾಲಿಗೆ ಇದು. ಇದು ಹೊಗಳಿದರೆ ನಂಬಬಹುದು. ಕೇಳು."

ಮಾಸ್ತರರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹಿಟ್ಟಿನ ಗಿರಣಿಯ ಯಂತ್ರಗಳನ್ನು ಮಾರುತ್ತಿದ್ದ. ಎಲ್ಲವೂ ಎರಕದ ಕಬ್ಬಿಣ. ಕೊಂಡವರ ಹಳ್ಳಿಗೆ ತನ್ನ ಪಿಕಪ್ ಗಾಡಿಯಲ್ಲಿ ತಾನೇ ಮುಟ್ಟಿಸುತ್ತಿದ್ದ. ಗಾಡಿ ಓಡಿಸುವವನೂ ಅವನೇ.

ಅವನ ಬಳಿ ಇಬ್ಬರು ಹಮಾಲರಿದ್ದರು. ಒಬ್ಬ ಹಿರಿಯ, ಇನ್ನೊಬ್ಬ ಅವನ ಜೊತೆಗಾರ. ಗಾಡಿಯ ಹಿಂಭಾಗಕ್ಕೆ ಎರಡು ದಪ್ಪ ಹಲಗೆ ಆನಿಸಿ, ಯಂತ್ರಕ್ಕೆ ಹಗ್ಗ ಕಟ್ಟುತ್ತಿದ್ದರು. ಜೊತೆಗಾರ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದ. ಹಿರಿಯ ಕೆಳಗೆ ನಿಂತು ಯಂತ್ರವನ್ನು ನೂಕುತ್ತಿದ್ದ. ಹಗ್ಗ ಜಾರಿದರೆ ಮೇಲಿನವನ ಅಂಗೈ ಸುಲಿಯುತ್ತದೆ. ಕೆಳಗಿನವನ ಮೇಲೆ ಗಿರಣಿಯೇ ಬರುತ್ತದೆ.

ಹಮಾಲರಲ್ಲಿ ಒಂದು ಕಟ್ಟಳೆ ಇದೆ. ಭಾರ ಎತ್ತುವಾಗ ಒಬ್ಬ "ಹೈಸಾ" ಎಂದು ಕೂಗು ಹಾಕುತ್ತಾನೆ. ಉಳಿದವರು ಆ ಕೂಗಿಗೆ ಉಸಿರು ಕಟ್ಟಿ ಬಲ ಹಾಕುತ್ತಾರೆ. ಆ ಕೂಗು ಹಾಕುವ ಹಕ್ಕು ಕೆಳಗಿನ ತುದಿ ಹಿಡಿದವನಿಗೆ ಮಾತ್ರ. ದೊಡ್ಡ ಗಂಟಲು ಇದ್ದವನಿಗಲ್ಲ, ವಯಸ್ಸಾದವನಿಗಲ್ಲ, ಮೇಸ್ತ್ರಿಗಲ್ಲ. ಬೇರೆ ಯಾರು ಕೂಗಿದರೂ ಕೈಗಳು ಕದಲುವುದಿಲ್ಲ. ಈ ಕಟ್ಟಳೆಯನ್ನು ಯಾವ ಸರ್ಕಾರವೂ ಬರೆದುಕೊಟ್ಟಿಲ್ಲ. ಬೆರಳು ಕಳೆದುಕೊಂಡವರು ಮಾಡಿಕೊಂಡ ಕಟ್ಟಳೆ.

ವ್ಯಾಪಾರಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ಅವಸರದಲ್ಲಿದ್ದ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಸೊಂಟಕ್ಕೆ ಕೈ ಇಟ್ಟು, "ಹೈಸಾ" ಎಂದು ಕೂಗಿದ. ಇಬ್ಬರೂ ಅಲುಗಲಿಲ್ಲ. ಮತ್ತೊಮ್ಮೆ ಕೂಗಿದ. ಜೊತೆಗಾರ ಹಗ್ಗ ಬಿಟ್ಟು ಮುಖ ಆಚೆ ತಿರುಗಿಸಿ ನಕ್ಕ.

"ಯಾಕ, ಕಿವಿ ಕೇಳ್ಸೂದಿಲ್ಲೇನು?" ಎಂದ ವ್ಯಾಪಾರಿ.

"ಕೇಳ್ಸತದ್ರಿ ಸಾಹುಕಾರ್ರೆ," ಎಂದ ಹಿರಿಯ. "ಆದರ ಮೆಟ್ಟಿಲ ಮ್ಯಾಲಿನ ಕೂಗಿಗೆ ಗಿರಣಿ ಏಳೂದಿಲ್ರಿ. ಕೆಳಗ ಬಂದು ಈ ತುದಿ ಹಿಡೀರಿ. ಆಮ್ಯಾಲ ನೀವು ಕೂಗಿದ್ರೂ ಏಳ್ತದ, ಕೆಮ್ಮಿದ್ರೂ ಏಳ್ತದ."

ಬೀದಿಯಲ್ಲಿದ್ದವರು ನಕ್ಕರು. ವ್ಯಾಪಾರಿಯ ಮುಖ ಕೆಂಪಾಯಿತು. ಬೇರೆ ಸಾಹುಕಾರನಾಗಿದ್ದರೆ ಮರುದಿನ ಹಮಾಲರನ್ನೇ ಬದಲಿಸುತ್ತಿದ್ದ. ಇವನು ಬದಲಿಸಲಿಲ್ಲ. ಆದರೆ ಆ ನಗು ಅವನ ಹೊಟ್ಟೆಯಲ್ಲಿ ಉಳಿಯಿತು. ಇದನ್ನು ನೆನಪಿಟ್ಟುಕೋ. ಮುಂದೆ ಬೇಕಾಗುತ್ತದೆ.

ಕೆಲವು ಕಾಲ ಕಳೆಯಿತು. ಹಿರಿಯ ಹಮಾಲನ ಬೆನ್ನು ಸೋತಿತು. ಒಂದು ಬೆಳಗ್ಗೆ ಗಿರಣಿಗೆ ಹೆಗಲು ಕೊಟ್ಟವನು ಮತ್ತೆ ನೆಟ್ಟಗೆ ನಿಲ್ಲಲಾರದೆ ಅಂಗಡಿಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಬಗ್ಗಿದ್ದ. ಜೊತೆಗಾರ ಅವನ ಬೆನ್ನು ತಿಕ್ಕಿದ. ನೋವು ಇಳಿಯಿತು, ಆದರೆ ಹೋಗಲಿಲ್ಲ. ಹಮಾಲನಿಗೆ ಬೆನ್ನು ಹೋದರೆ ಏನು ಉಳಿಯುತ್ತದೆ? ಎರಡು ಕೈ. ಬೆನ್ನಿಲ್ಲದ ಕೈಗೆ ಕೆಲಸ ಕೊಡುವವರು ಯಾರು?

ಪಕ್ಕದ ಅಂಗಡಿಯವನು ವ್ಯಾಪಾರಿಗೆ ಬುದ್ಧಿ ಹೇಳಿದ. "ಮುದುಕನ್ನ ಬಿಟ್ಟು ಹರೇದವನ್ನ ಇಟ್ಟುಕೋ ಮಾರಾಯ. ಊರಾಗ ಹಮಾಲರಿಗೇನು ಬರಗಾಲ?"

ವ್ಯಾಪಾರಿ ಹೇಳಿದ: "ಹರೇದವನ ಬೆನ್ನೂ ಹೋಗ್ತದ. ಅವನಾದ ಮ್ಯಾಲ ಇನ್ನೊಬ್ಬಂದು ಹೋಗ್ತದ. ನಾ ಗಿರಣಿ ಮಾರಾಕ ಅಂಗಡಿ ಇಟ್ಟೀನಿ, ಮಂದಿ ಬೆನ್ನು ಬೀಸಾಕ ಅಲ್ಲ."

ಈ ಮಾತು ಆಡಿದ್ದಕ್ಕೆ ನಾನು ಅವನನ್ನು ಹೊಗಳುವುದಿಲ್ಲ. ಮಾತು ಆಡುವ ಸಾಹುಕಾರರು ಬಹಳ ಇದ್ದಾರೆ. ಅವನಿಗೆ ತನ್ನ ಲಾಭವೂ ಗೊತ್ತಿತ್ತು. ಆ ಹಿರಿಯನ ಕೈಯಿಂದ ಒಂದು ಯಂತ್ರವೂ ಬಿದ್ದು ಒಡೆದಿರಲಿಲ್ಲ. ಎರಕದ ಕಬ್ಬಿಣ ಒಡೆದರೆ ಬೆಸುಗೆ ಕೂಡುವುದು ಕಷ್ಟ. ಅದೂ ಅವನ ಲೆಕ್ಕದಲ್ಲಿತ್ತು, ಇರಲಿ. ಪಿಕಪ್ಪಿಗೆ ಲಿಫ್ಟ್ ಬಾಗಿಲು ಕೂರಿಸಬೇಕೆಂದು ಅವನು ತೀರ್ಮಾನ ಮಾಡಿದ.

ಲಿಫ್ಟ್ ಬಾಗಿಲು ಎಂದರೆ ಗಾಡಿಯ ಹಿಂಬಾಗಿಲ ಜಾಗದಲ್ಲಿ ಕೂರುವ ಕಬ್ಬಿಣದ ತಟ್ಟೆ. ಸ್ವಿಚ್ ಒತ್ತಿದರೆ ನೆಲಕ್ಕೆ ಇಳಿಯುತ್ತದೆ. ಭಾರವನ್ನು ಅದರ ಮೇಲೆ ಉರುಳಿಸಿ ಮತ್ತೆ ಒತ್ತಿದರೆ ಗಾಡಿಯ ಮಟ್ಟಕ್ಕೆ ಏರುತ್ತದೆ. ಯಾರ ಬೆನ್ನೂ ಬೇಕಾಗಿಲ್ಲ.

ವ್ಯಾಪಾರಿ ಹಮಾಲರಿಬ್ಬರನ್ನೂ ಕರೆದು ಹೇಳಿದ: "ನೀವೂ ಬರ್ರಿ. ಆರಿಸೂಣು."

ಹಿರಿಯ ಗಾಡಿಯ ಹಿಂಭಾಗವನ್ನು ಒಮ್ಮೆ ನೋಡಿದ. ಆಮೇಲೆ, "ನನ್ನ ಜಾಗಕ್ಕ ಬರೂದನ್ನ ನಾನಾ ಆರಿಸಬೇಕೇನ್ರಿ?" ಎಂದ.

"ನಿನ್ನ ಜಾಗಕ್ಕ ಅಲ್ಲೋ. ನಿನ್ನ ಬೆನ್ನಿನ ಜಾಗಕ್ಕ."

"ಬೆನ್ನು ಬಿಟ್ಟು ನನ್ನ ಬ್ಯಾರೆ ಯಾರು ನೋಡ್ಯಾರ್ರಿ?" ಎಂದ ಹಿರಿಯ. ಆದರೂ ಗಾಡಿ ಹತ್ತಿದ. ಹೆಗಲ ಮೇಲೆ ಎಂದಿನಂತೆ ಸಿಂಬಿಯ ಬಟ್ಟೆ ಇತ್ತು. ತಲೆ ಹೊರೆಗೆ ಸುರುಳಿ ಸುತ್ತುವ ದಪ್ಪ ಬಟ್ಟೆ. ಕಬ್ಬಿಣದ ಅಂಚು ಹಿಡಿಯುವಾಗ ಅದನ್ನೇ ಮಡಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ.

ದೊಡ್ಡ ಊರಿನಲ್ಲಿ ಲಿಫ್ಟ್ ಮಾಡುವ ವರ್ಕ್‌ಶಾಪ್ ಇತ್ತು. ವ್ಯಾಪಾರಿ ಬರಿಗೈಯಲ್ಲಿ ಹೋಗಲಿಲ್ಲ. ತನ್ನ ಅಂಗಡಿಯ ಎಲ್ಲಕ್ಕಿಂತ ಭಾರದ ಗಿರಣಿಯನ್ನು ಗಾಡಿಯಲ್ಲಿ ಹೇರಿಕೊಂಡು ಹೋದ. ವರ್ಕ್‌ಶಾಪಿನವನು ಬಣ್ಣದ ಹಾಳೆಗಳನ್ನು ಮುಂದೆ ಹರಡಿ, ಇದು ಇಷ್ಟು ಎತ್ತುತ್ತದೆ, ಅದು ಅಷ್ಟು ಎತ್ತುತ್ತದೆ ಎಂದು ಓದತೊಡಗಿದ.

"ಹಾಳಿ ಎತ್ತೂದನ್ನ ನೋಡಾಕ ಬಂದಿಲ್ರಿ," ಎಂದ ವ್ಯಾಪಾರಿ. "ಗಿರಣಿ ತಂದೀನಿ. ಇದನ್ನ ಎತ್ತಿ ತೋರಿಸ್ರಿ."

ಕೊಳ್ಳುವುದನ್ನು ಅವನಿಂದ ಕಲಿಯಬೇಕು, ದುರುಗಮ್ಮ. ಒಂದು ಲಿಫ್ಟ್ ಬಹಳ ಗಟ್ಟಿಯಾಗಿತ್ತು. ವ್ಯಾಪಾರಿ ಅದರದೇ ತೂಕ ಕೇಳಿದ. ಲಿಫ್ಟೇ ಇಷ್ಟು ಭಾರವಾದರೆ ಗಾಡಿ ಹೊರುವುದು ಗಿರಣಿಯನ್ನೋ ಲಿಫ್ಟನ್ನೋ ಎಂದು ಬಿಟ್ಟುಬಿಟ್ಟ. ಇನ್ನೊಂದು ಹಗುರವಾಗಿತ್ತು, ಆದರೆ ತಟ್ಟೆ ಚಿಕ್ಕದು. ಗಿರಣಿಯ ಬುಡ ಅಂಚಿಗೆ ಬಂದು ನಿಂತಿತು. ಅದನ್ನೂ ಬಿಟ್ಟ. ಮತ್ತೊಂದರ ತಟ್ಟೆ ಅಗಲವಾಗಿತ್ತು, ಮಡಿಸಿದರೆ ಹಿಂಬಾಗಿಲಾಗಿ ನಿಲ್ಲುತ್ತಿತ್ತು. ಮೇಲ್ಮೈ ನುಣುಪಾಗಿತ್ತು. ವ್ಯಾಪಾರಿ ಒಂದು ಕೊಡ ನೀರು ತರಿಸಿ ಅದರ ಮೇಲೆ ಸುರಿದು, ಚಪ್ಪಲಿ ಹಾಕಿಕೊಂಡೇ ತಾನೇ ನಡೆದು ನೋಡಿದ. ಜಾರಿದ. ವರ್ಕ್‌ಶಾಪಿನ ಹುಡುಗರು ನಕ್ಕರು. ಅವನು ಎದ್ದು ಪಂಚೆ ಕೊಡವಿಕೊಂಡು, ಉಬ್ಬುಗೆರೆ ಇರುವ ತಟ್ಟೆ ಹಾಕಿಕೊಡಿ ಎಂದ. ತಾನು ಜಾರಿದ ಕಡೆ ಇನ್ನೊಬ್ಬ ಜಾರಬಾರದು ಎಂದು ತಿಳಿಯಲು ಕಾಲೇಜು ಬೇಕಾಗಿಲ್ಲ. ಬಿದ್ದು ನೋಡುವ ಮನಸ್ಸು ಬೇಕು. ಎಷ್ಟು ಮಾಲೀಕರಿಗೆ ಅದು ಇದೆ?

ಎಲ್ಲ ಒಪ್ಪಿಗೆಯಾಯಿತು. ಕೊನೆಗೆ ವರ್ಕ್‌ಶಾಪಿನವನು ಕೇಳಿದ: "ಸ್ವಿಚ್ ಎಲ್ಲಿ ಇಡಲ್ರಿ?"

"ಎಲ್ಲೆಲ್ಲಿ ಇಡಬಹುದು?"

"ಹಿಂದ ಇಡಬಹುದು, ತಟ್ಟಿ ಬಾಜೂಕ. ಆದರ ಅಲ್ಲಿ ಮಳಿ, ಧೂಳು, ಕೆಸರು. ನೀವು ಪ್ರತಿ ಸಲ ಇಳೀಬೇಕು. ಎಲ್ಲಾ ಸಾಹುಕಾರ್ರೂ ಕ್ಯಾಬಿನ್ನಿನಾಗ ಇಡಿಸ್ಕೋತಾರ್ರಿ. ಸೀಟಿನ ಮ್ಯಾಲ ಕೂತು ಬೆರಳು ಒತ್ತಿದ್ರ ಆಯ್ತು."

ವ್ಯಾಪಾರಿಗೆ ಅದು ಹಿಡಿಸಿತು. ಬಿಸಿಲಿಲ್ಲ, ಮಳೆಯಿಲ್ಲ, ಸ್ವಿಚ್ ಕೆಡುವುದಿಲ್ಲ. ಕ್ಯಾಬಿನ್ನಿನಲ್ಲೇ ಇಡಿ ಎಂದ. ಲಿಫ್ಟ್ ಕೂರಿಸಿದರು. ವೈರನ್ನು ಸೀಟಿನ ಪಕ್ಕಕ್ಕೆ ಎಳೆದರು. ಹಮಾಲರು ಗಿರಣಿಯನ್ನು ಪೈಪಿನ ತುಂಡುಗಳ ಮೇಲೆ ಉರುಳಿಸಿ ತಟ್ಟೆಯ ಮೇಲೆ ತಂದು ನಿಲ್ಲಿಸಿದರು. ವ್ಯಾಪಾರಿ ಕ್ಯಾಬಿನ್ ಹತ್ತಿ ಎಂಜಿನ್ ಶುರು ಮಾಡಿದ.

ಆಗ ಅವನ ಹೊಟ್ಟೆಯಲ್ಲಿದ್ದ ಹಳೆಯ ನಗು ಎದ್ದು ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ಕೂಗಿದ: "ನನ್ನ ಕೂಗಿಗೆ ಗಿರಣಿ ಏಳೂದಿಲ್ಲ ಅಂದಿದ್ಯಲ್ಲೋ? ಈಗ ನೋಡು. ಹೈಸಾ."

ಒತ್ತಿದ.

ಗಿರಣಿ ಎದ್ದಿತು. ಅಂದು ಅವನು ಕೂಗಿದಾಗ ಮನುಷ್ಯರು ನಿಂತುಬಿಟ್ಟಿದ್ದರು. ಇಂದು ಕಬ್ಬಿಣ ನಿಲ್ಲಲಿಲ್ಲ. ಯಾರು ಒತ್ತಿದರೂ ಕಬ್ಬಿಣ ಏಳುತ್ತದೆ. ಒತ್ತಿದವನು ಎಲ್ಲಿ ನಿಂತಿದ್ದಾನೆ ಎಂದು ಅದು ಕೇಳುವುದಿಲ್ಲ.

ತಟ್ಟೆ ಏರುವಾಗ ಗಿರಣಿ ಸ್ವಲ್ಪ ತೂಗಿತು. ಬೀಳುವ ಹಾಗೇನೂ ಇರಲಿಲ್ಲ. ಆದರೆ ಹಿರಿಯ ಹಮಾಲ ಬದುಕಿಡೀ ಭಾರದ ಕೆಳಗೆ ನಿಂತವನು. ಭಾರ ಏಳುವುದನ್ನು ಕಂಡರೆ ಅವನ ಕೈ ಅದರ ಕೆಳಗೆ ಹೋಗಿಯೇ ಹೋಗುತ್ತದೆ. ತಲೆ ಹೇಳಬೇಕಾಗಿಲ್ಲ. ತಾಯಿಗೆ ಮಗು ಎಡವಿದಾಗ ಕೈ ಹೋಗುವುದಿಲ್ಲವೇ, ಹಾಗೆ. ಯಂತ್ರ ಎತ್ತುತ್ತಿದೆ, ನಾನು ಎತ್ತಬೇಕಾಗಿಲ್ಲ ಎಂದು ಆ ಕೈಗೆ ಯಾರೂ ಇನ್ನೂ ಕಲಿಸಿರಲಿಲ್ಲ. ಒಂದು ಕೈ ಗಿರಣಿಯನ್ನು ಹಿಡಿಯಿತು. ಇನ್ನೊಂದು ಕೈ, ಸಿಂಬಿಯ ಬಟ್ಟೆ ಮಡಿಸಿಕೊಂಡು, ತಟ್ಟೆಯ ಒಳಗಿನ ಮೂಲೆಗೆ ಆಸರೆ ಕೊಟ್ಟಿತು. ಏರಿದ ತಟ್ಟೆ ಗಾಡಿಯ ಅಂಚಿಗೆ ಬಂದು ಕೂಡುವುದು ಅದೇ ಜಾಗದಲ್ಲಿ.

ಜೊತೆಗಾರ ನೋಡಿದ. ಚೀರಿದ. ಎಂಜಿನ್ ಸದ್ದಿನಲ್ಲಿ ಕ್ಯಾಬಿನ್ನಿಗೆ ಏನೂ ಮುಟ್ಟಲಿಲ್ಲ. ವ್ಯಾಪಾರಿ ಒತ್ತುತ್ತಲೇ ಇದ್ದ. ಅವನ ಮುಖ ಮುಂದಕ್ಕಿತ್ತು. ಎದುರಿಗೆ ವರ್ಕ್‌ಶಾಪಿನ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಜೊತೆಗಾರ ಓಡಿ ಹೋಗಿ ಕ್ಯಾಬಿನ್ನಿನ ಬಾಗಿಲಿಗೆ ಎರಡೂ ಕೈಯಿಂದ ಗುದ್ದಿದ. ಆಗ ಬೆರಳು ಸ್ವಿಚ್ ಬಿಟ್ಟಿತು.

ವ್ಯಾಪಾರಿ ಇಳಿದು ಹಿಂದಕ್ಕೆ ಬಂದ. ಹಿರಿಯ ನೆಲದ ಮೇಲೆ ಕೂತಿದ್ದ. ಕೈಯನ್ನು ತೊಡೆಗಳ ನಡುವೆ ಒತ್ತಿ ಹಿಡಿದಿದ್ದ. ಸಿಂಬಿಯ ಬಟ್ಟೆ ಅಂಚಿಗೂ ತಟ್ಟೆಗೂ ನಡುವೆ ಕಚ್ಚಿಕೊಂಡು ನೇತಾಡುತ್ತಿತ್ತು.

"ಕೈ ತೋರಿಸು," ಎಂದ ವ್ಯಾಪಾರಿ.

ಹಿರಿಯ ತೋರಿಸಿದ. ಬೆರಳುಗಳ ಚರ್ಮ ಸುಲಿದಿತ್ತು. ಬೆರಳುಗಳು ಇದ್ದವು. ದಪ್ಪ ಬಟ್ಟೆ ಮೊದಲು ಸಿಕ್ಕಿಕೊಂಡು, ಕೈ ಎಳೆದುಕೊಳ್ಳಲು ಒಂದು ಗಳಿಗೆ ಕೊಟ್ಟಿತ್ತು. ಜೊತೆಗಾರ ನೀರು ತಂದು ಕೈ ತೊಳೆದ.

ವರ್ಕ್‌ಶಾಪಿನವನು ಅಷ್ಟರಲ್ಲಿ ಬಂದು ನೋಡಿದ. "ತಟ್ಟಿ ಕೆಳಗ ಕೈ ಇಡು ಅಂತ ಯಾರು ಹೇಳಿದ್ರೋ ನಿನಗ? ನಮ್ಮ ಲಿಫ್ಟಿನಾಗ ಏನೂ ಕೊರತಿ ಇಲ್ರಿ ಸಾಹುಕಾರ್ರೆ. ತಪ್ಪು ಇವಂದು."

ಹಿರಿಯನೂ ಹೇಳಿದ: "ಹೌದ್ರಿ. ತಪ್ಪು ನಂದಾ. ಕೈ ಸುಮ್ಮ ಕೂಡಲಿಲ್ಲ."

ನೋಡು, ದುರುಗಮ್ಮ. ಬಡವನ ಕೈ ಯಂತ್ರಕ್ಕೆ ಸಿಕ್ಕಾಗಲೆಲ್ಲ ತಪ್ಪು ಕೈಯದೇ ಆಗುತ್ತದೆ. ನಿಮ್ಮ ಮಿಲ್ಲಿನಲ್ಲಿ ತಪ್ಪು ಸೆರಗಿನದಾಯಿತು. ಯಂತ್ರ ಮಾಡಿದವನು ಹಾಗೆ ಹೇಳುತ್ತಾನೆ, ಯಂತ್ರ ಕೊಂಡವನು ಹಾಗೆ ಹೇಳುತ್ತಾನೆ. ಹೇಳಿ ಹೇಳಿ ಕೊನೆಗೆ ಕೈ ಕಳೆದುಕೊಂಡವನೂ ಹಾಗೆಯೇ ಹೇಳಲು ಕಲಿಯುತ್ತಾನೆ. ಅಲ್ಲಿಗೆ ಎಲ್ಲರಿಗೂ ನೆಮ್ಮದಿ. ಆ ವ್ಯಾಪಾರಿಯ ಮುಂದೆ ಆ ನೆಮ್ಮದಿ ಸಿದ್ಧವಾಗಿ ಬಿದ್ದಿತ್ತು. ಬಗ್ಗಿ ಎತ್ತಿಕೊಂಡರೆ ಆಗಿತ್ತು. ಪೆಟ್ಟು ತಿಂದವನೇ ತಪ್ಪು ತನ್ನದು ಎಂದು ಒಪ್ಪಿಕೊಂಡಿದ್ದ. ಕೇಳುವವರು ಯಾರೂ ಇರಲಿಲ್ಲ. ಪೊಲೀಸರಿರಲಿಲ್ಲ, ಸಂಘ ಇರಲಿಲ್ಲ, ಬೈಯಲು ನಾನೂ ಇರಲಿಲ್ಲ.

ಅವನು ಅದನ್ನು ಎತ್ತಿಕೊಳ್ಳಲಿಲ್ಲ. ನಾನು ಅವನನ್ನು ಹೊಗಳುವುದು ಇದಕ್ಕೆ.

ಅವನು ತಟ್ಟೆ ಇಳಿಸಿ ಆ ಬಟ್ಟೆಯನ್ನು ಬಿಡಿಸಿಕೊಂಡ. ಕಚ್ಚಿದ ಕಡೆ ಅದು ಕತ್ತರಿಸಿದ ಹಾಗೆ ಹರಿದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ: "ಇವನ ಕೈ ತನ್ನ ಕೆಲಸ ಮಾಡ್ಯದ. ಕಾಣದ ಕಡೆ ಕೂತು ಕೂಗಿದಾಂವ ನಾನು." ಆಮೇಲೆ ವರ್ಕ್‌ಶಾಪಿನವನ ಕಡೆ ತಿರುಗಿದ. "ಸ್ವಿಚ್ ಕೀಳ್ರಿ. ಹಿಂದ ಹಾಕ್ರಿ."

"ಮಳ್ಯಾಗ ಕೆಡ್ತದ್ರಿ."

"ಮುಚ್ಚಳ ಹಾಕ್ರಿ. ಕೆಟ್ರ ಹೊಸಾದು ಹಾಕ್ಸತೀನಿ. ಬೆರಳು ಹೊಸಾದು ಹಾಕ್ತೀರೇನು?"

ವರ್ಕ್‌ಶಾಪಿನವನು ವ್ಯಾಪಾರ ಬಿಡುವವನಲ್ಲ. "ಹಂಗಿದ್ರ ಉದ್ದನ್ನ ವೈರ್ ಕೊಡ್ತೀನ್ರಿ. ಕೈಯಾಗ ಹಿಡ್ಕೊಂಡು ದೂರ ನೆಳ್ಳಾಗ ನಿಂತು ಒತ್ತಬಹುದು. ಎಲ್ಲಾ ಕಾಣ್ತದ, ನಿಮಗೇನೂ ಆಗೂದಿಲ್ಲ."

"ನನಗೇನೂ ಆಗೂದಿಲ್ಲ ಅನ್ನೂದಾ ತಪ್ಪು," ಎಂದ ವ್ಯಾಪಾರಿ. "ವೈರ್ ಬ್ಯಾಡ. ತಟ್ಟಿ ಬಾಜೂಕ, ಗಾಡಿ ಮೈಗೇ ಕೂರಿಸ್ರಿ. ಒತ್ತಾಂವ ಅಲ್ಲೇ ನಿಲ್ಲಬೇಕು. ಎರಡು ಗುಂಡಿ ಮಾಡ್ರಿ, ಒಂದೊಂದು ಕೈಗೆ ಒಂದು. ಎರಡೂ ಒತ್ತಿ ಹಿಡಿದ್ರ ಏಳಬೇಕು, ಒಂದು ಬಿಟ್ರ ನಿಲ್ಲಬೇಕು."

"ಎರಡು ಯಾಕ್ರಿ?"

ವ್ಯಾಪಾರಿ ಹಿರಿಯನ ಕಡೆ ನೋಡಿದ. "ಈತನ ಕೈ ಸುಮ್ಮ ಕೂಡೂದಿಲ್ಲ. ಕೂಡಬಾರದು ಕೂಡ. ಅವಕ್ಕ ಒಂದು ಕೆಲಸ ಕೊಡ್ರಿ."

ವರ್ಕ್‌ಶಾಪಿನವನು ತಲೆ ಕೆರೆದುಕೊಂಡ. ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಸುಖ ಕೊಟ್ಟರೆ ಬೇಡ ಎನ್ನುವ ಗಿರಾಕಿ. ಆದರೂ ಹೇಳಿದ ಹಾಗೆ ಮಾಡಿಕೊಟ್ಟ. ಕ್ಯಾಬಿನ್ನಿನಿಂದ ವೈರ್ ಕಿತ್ತರು. ಹಿಂದೆ, ತಟ್ಟೆಯ ಪಕ್ಕದಲ್ಲಿ, ಎದೆಯ ಮಟ್ಟಕ್ಕೆ ಎರಡು ಗುಂಡಿಗಳನ್ನು ಕೂರಿಸಿದರು. ಅಲ್ಲಿ ನಿಂತವನ ಕಾಲಿಗೂ ತಟ್ಟೆಯ ಅಂಚಿಗೂ ಒಂದು ಗೇಣು ಅಂತರ. ಗಿರಣಿ ಉರುಳಿದರೆ ಅವನ ಮೇಲೆಯೇ ಉರುಳಬೇಕು.

ಮತ್ತೆ ಗಿರಣಿಯನ್ನು ತಟ್ಟೆಯ ಮೇಲೆ ನಿಲ್ಲಿಸಿದರು. ಈ ಸಲ ಹಿರಿಯ ಅದಕ್ಕೆ ಹಗ್ಗ ಬಿಗಿದು, ಜೊತೆಗಾರನನ್ನು ದೂರ ನಿಲ್ಲಿಸಿದ. ವ್ಯಾಪಾರಿ ಕ್ಯಾಬಿನ್ನಿನ ಕಡೆ ಹೋಗಲಿಲ್ಲ. ಹಿಂದೆ ಬಂದು ಗುಂಡಿಗಳ ಮುಂದೆ ನಿಂತ. ಎರಡೂ ಕೈ ಇಟ್ಟ. ಒತ್ತಲಿಲ್ಲ. ತಟ್ಟೆಯನ್ನು ನೋಡಿದ, ತನ್ನ ಕಾಲನ್ನು ನೋಡಿದ, ಗಿರಣಿಯನ್ನು ನೋಡಿದ. ಅಷ್ಟು ವರ್ಷ ಗಿರಣಿ ಮಾರಿದವನು ಗಿರಣಿಯನ್ನು ಕೆಳಗಿನ ತುದಿಯಲ್ಲಿ ನಿಂತು ನೋಡಿದ್ದು ಅದೇ ಮೊದಲು.

ಆಮೇಲೆ ಹಿರಿಯನನ್ನು ಕೇಳಿದ: "ಕೂಗು ಹಾಕಲೇನು?"

ಸಾಹುಕಾರ ಹಮಾಲನನ್ನು ಕೇಳಿದ. ಸಿಟ್ಟಿನಿಂದಲ್ಲ, ಚೇಷ್ಟೆಗಲ್ಲ. ಕಟ್ಟಳೆ ಯಾರದೋ ಅವರನ್ನೇ ಕೇಳಿದ.

ಹಿರಿಯ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದು ನಿಂತಿದ್ದ. ವ್ಯಾಪಾರಿಯ ಕಾಲಿನ ಕಡೆ ನೋಡಿದ.

"ಹಾಕ್ರಿ ಸಾಹುಕಾರ್ರೆ," ಎಂದ. "ಈಗ ನಿಮ್ಮ ಕಾಲೂ ಇಲ್ಲೇ ಅದ."

ವ್ಯಾಪಾರಿ "ಹೈಸಾ" ಎಂದ. ಮೆಟ್ಟಿಲ ಮೇಲೆ ನಿಂತು ಕೂಗಿದ ದನಿ ಎಲ್ಲೋ ಹೋಗಿತ್ತು. ಕೂಗು ಅರ್ಧವೇ ಹೊರಟಿತು.

"ಕೋಳಿ ಮರಿ ಕೂಗಿದಂಗಾತಲ್ರಿ," ಎಂದ ಜೊತೆಗಾರ.

"ನಗಬ್ಯಾಡೋ," ಎಂದ ಹಿರಿಯ. "ಕೆಳಗ ನಿಂತು ಮೊದಲನೇ ಸಲ ಕೂಗಿದಾಗ ನಿಂದೂ ಹಂಗಾ ಇತ್ತು."

ಗಿರಣಿ ನಿಧಾನವಾಗಿ ಎದ್ದು ಗಾಡಿಯ ಮಟ್ಟಕ್ಕೆ ಬಂದು ನಿಂತಿತು. ವ್ಯಾಪಾರಿ ಕೈ ತೆಗೆದ. ಅಂಗಿ ಬೆನ್ನಿಗೆ ಅಂಟಿತ್ತು. ಎತ್ತಿದ್ದು ಯಂತ್ರ, ಬೆವರಿದ್ದು ಅವನು. ಅದೂ ಸರಿಯೇ.

ಊರಿಗೆ ಬಂದ ಮೇಲೆ ಗುಂಡಿಗಳನ್ನು ಹಿರಿಯನಿಗೆ ಒಪ್ಪಿಸಿದ. ಭಾರ ಏಳುವಾಗ ಸುಮ್ಮನಿರಲಾರದ ಆ ಎರಡು ಕೈಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ಬೆನ್ನು ಬಗ್ಗಿಸಬೇಕಾಗಿರಲಿಲ್ಲ. ಕೂಗು ಮೊದಲಿನಂತೆ ಅವನದೇ ಆಗಿ ಉಳಿಯಿತು. ಬೇರೆ ವ್ಯಾಪಾರಿಗಳು ಆ ಗಾಡಿ ನೋಡಿ ನಗುತ್ತಿದ್ದರು. ಕ್ಯಾಬಿನ್ನಿನಲ್ಲಿ ಕೂತು ಬೆರಳು ಒತ್ತುವುದನ್ನು ಬಿಟ್ಟು ಇದೇನು ಹುಚ್ಚು ಎನ್ನುತ್ತಿದ್ದರು. ಅವನು ವಾದ ಮಾಡುತ್ತಿರಲಿಲ್ಲ. ಹಿರಿಯನಿಗೆ ಮೈ ಸರಿಯಿಲ್ಲದ ದಿನ ತಾನೇ ಹಿಂದೆ ಹೋಗಿ ನಿಂತು, ಕೋಳಿಮರಿಯ ದನಿಯಲ್ಲಿ ಕೂಗು ಹಾಕುತ್ತಿದ್ದ. ಸಾಹುಕಾರನ ಕೂಗಿಗೆ ಹಮಾಲರ ಕೈ ಕದಲಿದ್ದನ್ನು ಆ ಬೀದಿ ಆಗ ನೋಡಿತು.

ಮಾಸ್ತರರು ಕತೆ ಮುಗಿಸಿದರು. ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು.

 

"ವ್ಯಾಪಾರಿ ಛಲೋ ಮನಿಷಾ ಇದ್ದಾನ ಬಿಡ್ರಿ," ಎಂದಳು ದುರುಗಮ್ಮ. "ಹೊಗಳ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ನಾ ಕೇಳಿದ್ದಕ್ಕ ಉತ್ತರ ಎಲ್ಲದ? ಅಲ್ಲಿ ಹೆಣ್ಣುಮಕ್ಕಳು ನನ್ನ ದಾರಿ ಕಾಯಾಕತ್ಯಾರ. ನಾ ಹೂಂ ಅನ್ನಲೋ, ಬ್ಯಾಡ ಅನ್ನಲೋ?"

ಮಾಸ್ತರರು ತಂಬಿಗೆ ಕೆಳಗಿಟ್ಟರು.

"ನೀನು ಹೂಂ ಎಂದ ಮರುದಿನ ಬೆಳಗ್ಗೆ ನಿನ್ನ ಕಾಲು ಎಲ್ಲಿರುತ್ತದೆ, ದುರುಗಮ್ಮ, ಗೇಟಿನ ಮುಂದೋ, ಹಾಸಿಗೆಯ ಮೇಲೋ?"